ಸಮುದ್ರಕ್ಕೆ ಹೋಗಿ ಮಲಗಿದ ಮಗಳು



ಮಾವಿನ ಮಿಡಿ ಉಪ್ಪಿನಕಾಯಿ ಮೆತ್ತಗಾಗದಂತೆ ಇಡುವುದು ಹೇಗೆ ಅಂತ ಈ ಸಲ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಆದರೆ ನಮ್ಮ ಪೇಟೆಗೆ ಮಿಡಿ ಇನ್ನೂ ಬಂದಿಲ್ಲ. ಬಂದ ಮೇಲೆ ಖಂಡಿತ ಬರೆಯುತ್ತೇನೆ. ಅಷ್ಟರಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಿಬಿಡುತ್ತೇನೆ. ಹೇಳಲೋ ಬೇಡವೋ ಅಂತ ಹದಿನೈದು ದಿನ ಯೋಚನೆ ಮಾಡಿದೆ. ಮಗಳನ್ನೇ ಕೇಳಿದೆ. "ಹೆಸರು ಹಾಕಬೇಡ, ಉಳಿದದ್ದು ಬರ್ಕೋ" ಅಂದಳು.

ನನ್ನ ಮಗಳು ಡಾಕ್ಟರ್ ಓದುತ್ತಿದ್ದಾಳೆ, ಈಗ ಎರಡನೇ ವರ್ಷ. ಸರ್ಕಾರಿ ಸೀಟು ಸಿಕ್ಕಿದ ದಿನ ನಮ್ಮ ಬೀದಿಯಲ್ಲಿ ಎಲ್ಲರ ಮನೆಗೂ ಹೋಳಿಗೆ ಹಂಚಿದ್ದೆ. "ನೀನು ಪುಣ್ಯವಂತೆ ಕಣೇ" ಅಂತ ಹೇಳದವರೇ ಇಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಪರೀಕ್ಷೆ ಬರೆದು ಒಳಗೆ ಸೇರುವುದೇ ಕಷ್ಟ, ಸೇರಿಬಿಟ್ಟರೆ ಆಮೇಲೆ ಏಣಿ ಹತ್ತಿದ ಹಾಗೆ ತಾನಾಗಿಯೇ ಮೇಲೆ ಹೋಗುತ್ತಾರೆ ಅನ್ನುವುದು ನನ್ನ ತಿಳಿವಳಿಕೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳಿಗೆ ಇದಕ್ಕಿಂತ ಹೆಚ್ಚು ಹೇಗೆ ಗೊತ್ತಾಗಬೇಕು ಹೇಳಿ.

ಆ ಓದು ಹೇಗಿರುತ್ತದೆ ಅನ್ನುವುದನ್ನು ನಿಮಗೂ ಸ್ವಲ್ಪ ಹೇಳುತ್ತೇನೆ. ಒಟ್ಟು ನಾಲ್ಕೂವರೆ ವರ್ಷದ ಓದು, ಅದರ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಎರಡನೇ ವರ್ಷ ರೋಗಗಳ ಪೆಥಾಲಜಿ, ಕ್ರಿಮಿಗಳ ಮೈಕ್ರೋಬಯಾಲಜಿ, ಔಷಧಿಗಳ ಫಾರ್ಮಕಾಲಜಿ. ಪಾಠಕ್ಕೆ ಶೇಕಡ 75, ಪ್ರಾಕ್ಟಿಕಲ್‌ಗೆ ಶೇಕಡ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಬೆಳಿಗ್ಗೆ ಪಾಠ, ಆಮೇಲೆ ವಾರ್ಡು, ಮಧ್ಯಾಹ್ನ ಮತ್ತೆ ಪಾಠ, ರಾತ್ರಿ ಓದು. ಜ್ವರ ಬಂದರೂ ರಜೆ ಹಾಕುವುದಕ್ಕೆ ಹೆದರುತ್ತಾರೆ. ಊರಿಗೆ ಬಾ ಬಾ ಅಂತ ನಾನು ಫೋನಿನಲ್ಲಿ ಗೋಳಾಡುವುದು, ಅವಳು "ನೋಡೋಣಮ್ಮ" ಅನ್ನುವುದು, ಇದೇ ಆಗಿತ್ತು.

ಜನವರಿ ಕೊನೆಯಲ್ಲಿ ಅವಳಿಗೆ ಹೇಗೋ ನಾಲ್ಕು ದಿನ ಬಿಡುವು ಸಿಕ್ಕಿತು. ಬುಧವಾರ ರಾತ್ರಿ ಹತ್ತೂವರೆ ಬಸ್ಸಿಗೆ ಬಂದು ಇಳಿದಳು. ಅವಳಿಗೆ ಇಷ್ಟ ಅಂತ ತೊಡೆದೇವು, ತಂಬುಳಿ, ಹಲಸಿನ ಹಪ್ಪಳ ಎಲ್ಲ ಮಾಡಿಟ್ಟಿದ್ದೆ. ಎರಡು ತುತ್ತು ತಿಂದಳು. ಮೂರನೇ ತುತ್ತು ಕೈಯಲ್ಲೇ ಇತ್ತು, ಕೂತಲ್ಲೇ ನಿದ್ದೆ! ನನಗೆ ನಗು ಬಂತು. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ಸಮುದ್ರಕ್ಕೆ ಹೋಗುವ ಯೋಚನೆ ನನ್ನದಲ್ಲ, ಮಗನದು. ಅವನು ಒಂಬತ್ತನೇ ತರಗತಿ. "ಅಕ್ಕ ಬಂದಾಗ ಮೂರು ದಿನ ಬೀಚಿಗೆ ಹೋಗೋಣ" ಅಂತ ತಿಂಗಳಿಂದ ಹಟ. ನಾವಿರುವುದು ಸಾಗರದಲ್ಲಿ. ಹೆಸರಿನಲ್ಲಿ ಸಾಗರ ಇದೆಯೇ ಹೊರತು ಊರಿನಲ್ಲಿ ಇಲ್ಲ! ಜೋಗ ದಾಟಿ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ, ಎರಡೂವರೆ ಮೂರು ಗಂಟೆಯ ದಾರಿ. ಇಷ್ಟು ಹತ್ತಿರ ಇದ್ದರೂ ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ರಾತ್ರಿಯೂ ನಾವು ಕಡಲ ದಂಡೆಯಲ್ಲಿ ಉಳಿದವರಲ್ಲ. ಮದುವೆ ಮುಂಜಿಗೆ ಹೋದಾಗ ಕಾಲು ತೋಯಿಸಿಕೊಂಡು ಬಂದದ್ದಷ್ಟೆ. ನಮ್ಮ ಯಜಮಾನರಿಗೆ ಸಣ್ಣದೊಂದು ಕಿರಾಣಿ ಅಂಗಡಿ. ಮೂರು ದಿನ ಬಾಗಿಲು ಹಾಕಿದರೆ ನಷ್ಟ ಎಷ್ಟು ಅಂತ ಲೆಕ್ಕ ಹಾಕಿ ಹೇಳಿದರು. ಲೆಕ್ಕ ಹೇಳಿದ ಮೇಲೆ ತಾವೇ "ಹೋಗೋಣ ಬಿಡು, ಅವಳಿನ್ನು ಯಾವಾಗ ಸಿಗ್ತಾಳೆ" ಅಂದರು. ಅತ್ತೆಯವರನ್ನು ಮೈದುನನ ಮನೆಯಲ್ಲಿ ಬಿಟ್ಟಾಯಿತು. ಕಾಸರಕೋಡಿನಲ್ಲಿ ಎರಡು ಕೋಣೆ ಗೊತ್ತು ಮಾಡಿದೆವು. ಕೇರಳದ ಕಾಸರಗೋಡಲ್ಲ, ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದ ಕೂಡಲೇ ಸಿಗುವ ನಮ್ಮ ಉತ್ತರ ಕನ್ನಡದ ಕಾಸರಕೋಡು. ಅಲ್ಲಿಯ ಕಡಲ ತೀರಕ್ಕೆ ಪಡುಬಿದ್ರಿಯ ಜೊತೆಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಅನ್ನುವ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧಿ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕಾವಲಿನವರು ಎಲ್ಲ ನೋಡಿ ಕೊಡುವಂಥದ್ದು. ಹೆಂಗಸರು ಹೋಗುವುದಕ್ಕೆ ಇದಕ್ಕಿಂತ ಮುಖ್ಯ ಇನ್ನೇನು ಬೇಕು!

ಇನ್ನು ನನ್ನ ಪಾಲಿನ ಕೆಲಸ. ಪಟ್ಟಿ ಮಾಡಿದೆ. ಗುರುವಾರ ಹೊನ್ನಾವರದಲ್ಲಿ ಯಜಮಾನರ ಅಕ್ಕನ ಮನೆಯಲ್ಲಿ ಊಟ, ಸಂಜೆ ಇಡಗುಂಜಿ. ಶುಕ್ರವಾರ ಬೆಳಿಗ್ಗೆ ಮುರ್ಡೇಶ್ವರ, ಮಧ್ಯಾಹ್ನ ಅಪ್ಸರಕೊಂಡ, ಸಂಜೆ ಸಮುದ್ರ. ಶನಿವಾರ ಗೋಕರ್ಣ ಮುಗಿಸಿ ವಾಪಸ್. ಇಷ್ಟು ದೂರ ಹೋದ ಮೇಲೆ ದೇವರ ದರ್ಶನ ಮಾಡದೆ ಬರುವುದುಂಟೇ? ಪಟ್ಟಿಯನ್ನು ಮಗಳಿಗೆ ತೋರಿಸಿದೆ. ಓದಿ ಮಡಚಿ ಕೊಟ್ಟಳು. "ಎಲ್ಲಿಗಾದ್ರೂ ಸರಿ ಅಮ್ಮ. ಬೆಳಿಗ್ಗೆ ಮಾತ್ರ ಏಳಿಸಬೇಡ" ಅಂದಳು. ಅವಳ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ತಿಂಡಿ ಕಟ್ಟಿದ್ದನ್ನು ಹೇಳದಿದ್ದರೆ ನೀವು ಬೇಜಾರು ಮಾಡಿಕೊಳ್ಳುತ್ತೀರಿ. ಗೊಜ್ಜವಲಕ್ಕಿ ಒಂದು ದೊಡ್ಡ ಡಬ್ಬಿ. ಹುಣಿಸೆ ರಸ, ಬೆಲ್ಲ, ಸಾರಿನ ಪುಡಿ ಬೆರೆಸಿ ತರಿ ಅವಲಕ್ಕಿಗೆ ಕಲಸಿದರೆ ದಾರಿಯಲ್ಲಿ ಕೆಡುವುದಿಲ್ಲ. ತೆಂಗಿನಕಾಯಿ ಮಾತ್ರ ಹಾಕಬೇಡಿ, ಕರಾವಳಿ ಸೆಕೆಗೆ ಬೇಗ ಹಳಸುತ್ತದೆ. ಚಪಾತಿ, ಶೇಂಗಾ ಚಟ್ನಿಪುಡಿ, ನಿಪ್ಪಟ್ಟು. ಒಣಗಿಸಿದ ಮುರುಗಲು ಸಿಪ್ಪೆ ಒಂದು ಪೊಟ್ಟಣ. ಮುರುಗಲೆಂದರೆ ದಕ್ಷಿಣ ಕನ್ನಡದವರ ಪುನರ್ಪುಳಿ. ಹತ್ತು ಹನ್ನೆರಡು ಸಿಪ್ಪೆಯನ್ನು ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ ಹಿಚುಕಿ ಸೋಸಿ, ಬೆಲ್ಲ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿದರೆ ಬಿಸಿಲಿನಿಂದ ಬಂದವರಿಗೆ ಅದಕ್ಕಿಂತ ತಂಪು ಬೇರೆ ಇಲ್ಲ. ಒಂದು ಡಬ್ಬ ಟಾಲ್ಕಂ ಪೌಡರ್ ಕೂಡ ಇಟ್ಟುಕೊಳ್ಳಿ. ಮೈ ಒರೆಸಿಕೊಂಡು ಕಾಲಿಗೆ ಪೌಡರ್ ಉದುರಿಸಿ ಉಜ್ಜಿದರೆ ಅಂಟಿದ ಮರಳೆಲ್ಲ ಸರಸರ ಬಿದ್ದುಹೋಗುತ್ತದೆ. ಸೀರೆ ಉಡುವವರು ಹಳೆಯ ಹತ್ತಿ ಸೀರೆಯನ್ನೋ ಚೂಡಿದಾರವನ್ನೋ ಒಯ್ಯಿರಿ, ಉಪ್ಪು ನೀರು ತಾಗಿದ್ದನ್ನು ಸಾಬೂನು ಹಾಕುವ ಮೊದಲು ಸಿಹಿನೀರಿನಲ್ಲಿ ಎರಡು ಸಲ ಜಾಲಾಡಿ.

ಹೊರಡುವ ಹೊತ್ತಿಗೆ ಒಂದು ಜಗಳ. ಅವಳ ಚೀಲ ಎತ್ತಿದೆ, ಎತ್ತಲಾಗಲಿಲ್ಲ. ತೆಗೆದು ನೋಡಿದರೆ ಇಟ್ಟಿಗೆಯಂಥ ಎರಡು ಪುಸ್ತಕ. "ರಜೆಗೆ ಹೋಗುವಾಗಲೂ ಇದಾ?" ಅಂತ ತೆಗೆದಿಟ್ಟೆ. ಅವಳು ಮಾತಾಡದೆ ಮತ್ತೆ ಒಳಗಿಟ್ಟಳು. ನಾನು ಮತ್ತೆ ತೆಗೆದೆ. ಅವಳ ಕಣ್ಣು ತುಂಬಿಕೊಂಡಿತು. ಇಪ್ಪತ್ತು ವರ್ಷದ ಹುಡುಗಿ, ಪುಸ್ತಕಕ್ಕೆ ಅಳುವುದೇ? ಯಜಮಾನರು "ಇರಲಿ ಬಿಡೇ, ಹೊರೋದು ಕಾರು ತಾನೆ" ಅಂದರು. ಪುಸ್ತಕಗಳೂ ನಮ್ಮ ಜೊತೆ ಹೊರಟವು.

ದಾರಿಯ ಉದ್ದಕ್ಕೂ ಶರಾವತಿ ನಮ್ಮ ಜೊತೆಗೇ. ಲಿಂಗನಮಕ್ಕಿಯಲ್ಲಿ ನಿಂತ ನೀರು, ಜೋಗದಲ್ಲಿ ಜನವರಿ ಅಲ್ಲವೇ, ಎಳೆ ಎಳೆಯಾಗಿ ಬೀಳುವ ನೀರು, ಗೇರುಸೊಪ್ಪೆಯಲ್ಲಿ ಮತ್ತೆ ಅಣೆಕಟ್ಟು, ಹೊನ್ನಾವರದಲ್ಲಿ ಊರಿನಷ್ಟು ಅಗಲವಾಗಿ ಸಮುದ್ರಕ್ಕೆ ಸೇರುವ ಹೊಳೆ. ಮಗ ಒಂದೊಂದನ್ನೂ ಕೂಗಿ ತೋರಿಸುತ್ತಿದ್ದ. ಮಗಳು ನನ್ನ ಹೆಗಲ ಮೇಲೆ ತಲೆ ಇಟ್ಟು ಮಲಗಿದವಳು ಘಟ್ಟದ ತಿರುವಿನಲ್ಲೂ ಏಳಲಿಲ್ಲ.

ಹೊನ್ನಾವರದ ಊಟ ಇದೆಯಲ್ಲ, ಅದರಲ್ಲಿ ನನ್ನ ತಪ್ಪೂ ಇದೆ. ಅತ್ತಿಗೆ ಪ್ರೀತಿಯಿಂದಲೇ ಕರೆದದ್ದು. ಆದರೆ "ಡಾಕ್ಟರ್ ಬರ್ತಾಳೆ" ಅಂತ ಅಕ್ಕಪಕ್ಕದವರಿಗೂ ಹೇಳಿಬಿಟ್ಟಿದ್ದರು. ಎಲೆ ತೆಗೆದದ್ದೇ ತಡ, ಒಬ್ಬರು ಮಂಡಿಯ ಎಕ್ಸ್‌ರೇ ತಂದರು, ಒಬ್ಬರು ರಕ್ತದ ರಿಪೋರ್ಟು ತಂದರು, ಒಬ್ಬರು ಮಾತ್ರೆಯ ಚೀಟಿ ಹಿಡಿದು "ಇದು ತಗೋಬಹುದಾ ಬಿಡಬಹುದಾ" ಅಂತ ಕೇಳಿದರು. ಎರಡನೇ ವರ್ಷದವರಿಗೆ ಔಷಧಿ ಹೇಳುವ ಅಧಿಕಾರವೇ ಇಲ್ಲ ಅನ್ನುವುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನಾನೋ, ಪಕ್ಕದಲ್ಲಿ ನಿಂತು ಬೀಗುತ್ತಿದ್ದೆ! ಅವಳು ಎಲ್ಲರಿಗೂ "ನಿಮ್ಮ ಡಾಕ್ಟರನ್ನೇ ಕೇಳಿ, ಮಾತ್ರೆ ನೀವೇ ನಿಲ್ಲಿಸಬೇಡಿ" ಅಂತ ಮೆಲ್ಲಗೆ ಹೇಳಿದಳು. ಹೋಗುವಾಗ ಒಬ್ಬಾಕೆ "ಏನೂ ಗೊತ್ತಿಲ್ಲ ಅನ್ಸುತ್ತೆ" ಅಂತ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಮಗಳಿಗೂ ಕೇಳಿಸಿರಬೇಕು.

ಕಾಸರಕೋಡಿಗೆ ಬಂದು ಕೋಣೆಗೆ ಸೇರಿದಾಗ ಮೂರೂವರೆ. ಕಿಟಕಿ ತೆಗೆದರೆ ಗಾಳಿಮರಗಳ ಆಚೆ ಸಮುದ್ರದ ಸದ್ದು. ಮಗಳು ಮಂಚದ ಮೇಲೆ ಬಿದ್ದಳು. ಇಡಗುಂಜಿಗೆ ಹೊರಡಲು ಎಬ್ಬಿಸಿದೆ, ಏಳಲಿಲ್ಲ. ಸೂರ್ಯಾಸ್ತಕ್ಕೆ ಎಬ್ಬಿಸಿದೆ, ಏಳಲಿಲ್ಲ. ರಾತ್ರಿ ಊಟಕ್ಕೂ ಇಲ್ಲ. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ನಾನು ಸ್ನಾನ ಮಾಡಿ ಸೀರೆ ಉಟ್ಟು ಮುರ್ಡೇಶ್ವರಕ್ಕೆ ಸಿದ್ಧ, ಇವಳು ಮುಸುಕು ಹಾಕಿ ಮಲಗಿದ್ದಾಳೆ. ನನ್ನ ತಾಳ್ಮೆ ಹೋಯಿತು. "ಕೋಣೆಗೆ ದುಡ್ಡು ಕೊಟ್ಟಿರೋದು ಮಲಗೋಕಾ? ಮಲಗೋದಾದ್ರೆ ಮನೆಯಲ್ಲೇ ಮಂಚ ಇರಲಿಲ್ವಾ?" ಅಂತ ಕೂಗಾಡಿದೆ. ಮುಸುಕಿನ ಒಳಗಿಂದ ಮಾತಿಲ್ಲ. ಯಜಮಾನರು ಮಗನನ್ನು ಕರೆದುಕೊಂಡು ನೀರಿನ ಕಡೆ ಹೋದರು. ಮನೆಯಲ್ಲಿ ನಾನು ಕೂಗಿದಾಗಲೆಲ್ಲ ಅಂಗಡಿಗೆ ಹೋಗುವ ಹಾಗೆ.

ನಾನು ಹೊರಗೆ ಜಗಲಿಯ ಮೇಲೆ ಕೂತೆ. ಮಾಡಲು ಕೆಲಸವಿಲ್ಲ. ಒಲೆ ಇಲ್ಲ, ಪಾತ್ರೆ ಇಲ್ಲ, ಹಾಲಿನವನಿಲ್ಲ. ಅಷ್ಟು ಹೊತ್ತು ಸುಮ್ಮನೆ ಕೂತದ್ದು ಬಾಣಂತನದ ಮೇಲೆ ಅದೇ ಮೊದಲು. ಸ್ವಲ್ಪ ಹೊತ್ತಿಗೆ ನನಗೂ ಅಲ್ಲೇ ಜೊಂಪು ಹತ್ತಿತು. ಸೀರೆ ಉಟ್ಟುಕೊಂಡು, ಮುಡಿದ ಹೂವಿನ ಸಮೇತ, ಹತ್ತು ಗಂಟೆಯವರೆಗೆ ಕುರ್ಚಿಯಲ್ಲಿ ಮಲಗಿಬಿಟ್ಟಿದ್ದೇನೆ! ಎದ್ದಾಗ ಮಗಳು ಎದುರಿಗೆ ಚಹಾ ಲೋಟ ಹಿಡಿದು ನಿಂತಿದ್ದಳು. ಹದಿನೆಂಟು ಗಂಟೆ ನಿದ್ದೆ ಮಾಡಿದ ಮುಖ. ಎಷ್ಟೋ ತಿಂಗಳ ಮೇಲೆ ಆ ಮುಖ ನನ್ನ ಮಗಳ ಹಾಗೆ ಕಂಡಿತು.

ಮುರ್ಡೇಶ್ವರದ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮಧ್ಯಾಹ್ನ ಹೊಳೆ ಬದಿಗೆ ಹೋಗಿ ಕಾಂಡ್ಲಾ ಕಾಡಿನ ನಡುವೆ ಹಾಕಿರುವ ಮರದ ಹಾದಿಯಲ್ಲಿ ಒಂದು ಸುತ್ತು ಬಂದೆವು. ನೀರಿನಲ್ಲೇ ಬೇರು ಬಿಟ್ಟು ನಿಂತ ಗಿಡಗಳು, ಕೆಸರಿನಲ್ಲಿ ಕೆಂಪು ಏಡಿ. ಬಿಸಿಲು ಇಳಿದ ಮೇಲೆ ಸಮುದ್ರ.

ಸಮುದ್ರಕ್ಕೆ ಇಳಿಯುವ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಹತ್ತಿರ ಹೋಗಲೇಬೇಡಿ, ಆಗ ಕಡಲು ಬೇರೆಯೇ ಆಗಿರುತ್ತದೆ. ಆದರೆ ಶಾಂತವಾಗಿ ಕಾಣುವ ದಿನಗಳಲ್ಲೂ ಅಪಾಯ ಇಲ್ಲದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದದ್ದು ನಿಮಗೆ ನೆನಪಿರಬಹುದು. ದಡಕ್ಕೆ ಬಂದ ನೀರು ಒಂದು ಓಣಿಯ ಹಾಗೆ ಒಂದೇ ಕಡೆಯಿಂದ ಒಳಕ್ಕೆ ಹಿಂತಿರುಗುತ್ತದೆ, ಅದೇ ಸೆಳೆತ. ಎರಡು ಕಡೆ ನೊರೆ ಅಲೆ ಇದ್ದು ನಡುವೆ ಅಲೆ ಒಡೆಯದ ಕಪ್ಪು ನೀರು ಕಂಡರೆ 'ಇಲ್ಲಿ ಅಲೆ ಕಡಿಮೆ' ಅಂತ ಮಕ್ಕಳನ್ನು ಅಲ್ಲಿಗೇ ಇಳಿಸುತ್ತೇವೆ, ಮೋಸ ಹೋಗುವುದು ಅಲ್ಲೇ. ಸಿಕ್ಕಿಕೊಂಡವರು ದಡದ ಕಡೆಗೆ ಎದುರೀಜಿ ಸುಸ್ತಾಗಬಾರದಂತೆ. ಗಾಬರಿಯಾಗದೆ ತೇಲುತ್ತಾ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದ ನಮ್ಮಂಥವರು ಮಂಡಿಯವರೆಗೆ ಸಾಕು. ಕಾವಲಿನವರು ಸೀಟಿ ಊದಿದರೆ ವಾದ ಮಾಡದೆ ಈಚೆ ಬನ್ನಿ.

ಯಜಮಾನರು, ಮಗ ನೀರಿನಲ್ಲಿದ್ದರು. ನಾವಿಬ್ಬರೂ ಒದ್ದೆ ಮರಳಿನ ಅಂಚಿನಲ್ಲಿ ನಡೆದುಕೊಂಡು ಹೋದೆವು. ದೂರದಲ್ಲಿ ಮೀನುಗಾರರು ಕೈರಂಪಣಿ ಬಲೆಯ ಹಗ್ಗ ಹಿಡಿದು ಸಾಲಾಗಿ ಎಳೆಯುತ್ತಿದ್ದರು. ಮಗಳು ಇದ್ದಕ್ಕಿದ್ದ ಹಾಗೆ, "ಅಮ್ಮ, ಕಡಲಕುದುರೆ ಗೊತ್ತಾ?" ಅಂದಳು. ನಮ್ಮ ಮಿದುಳಿನಲ್ಲಿ ನೆನಪನ್ನು ಕಟ್ಟುವ ಒಂದು ಭಾಗ ಇದೆಯಂತೆ, ನೋಡಲು ಕಡಲಕುದುರೆಯ ಹಾಗೆಯೇ ಸುರುಳಿಯಾಗಿರುತ್ತದೆ ಅಂತ ಹದಿನಾರನೇ ಶತಮಾನದಲ್ಲಿ ಇಟಲಿಯ ವೈದ್ಯನೊಬ್ಬ ಅದಕ್ಕೆ ಆ ಪ್ರಾಣಿಯ ಹೆಸರನ್ನೇ ಇಟ್ಟನಂತೆ. ಹಿಪೊಕ್ಯಾಂಪಸ್. "ಹಗಲು ಓದಿದ್ದು ಅದರಲ್ಲಿ ಗಟ್ಟಿಯಾಗೋದು ನಿದ್ದೆಯಲ್ಲಿ. ನಿದ್ದೆ ಬಿಟ್ಟು ಓದಿದ್ರೆ ನಿಲ್ಲಲ್ಲ ಅಂತ ನಮ್ಮ ಪುಸ್ತಕದಲ್ಲೇ ಇದೆ. ಅದನ್ನ ನಾವು ಓದೋದು ರಾತ್ರಿ ಎರಡು ಗಂಟೆಗೆ" ಅಂತ ನಕ್ಕಳು. ನಕ್ಕವಳು ನಿಂತಳು. ನಿಂತವಳು ಅಳೋದಕ್ಕೆ ಶುರುಮಾಡಿದಳು.

ಆಮೇಲೆ ಬಿಡಿಬಿಡಿಯಾಗಿ ಹೇಳಿದಳು. ಫಾರ್ಮಕಾಲಜಿ ಇಂಟರ್ನಲ್ ಪರೀಕ್ಷೆಯಲ್ಲಿ ಫೇಲಾಗಿದ್ದಾಳೆ. ಅದು ಎರಡು ತಿಂಗಳ ಹಿಂದಿನ ಮಾತು. ನಮಗೆ ಹೇಳಿರಲಿಲ್ಲ. ನೂರಾರು ಔಷಧಿಗಳ ಹೆಸರು ಬೆಳಿಗ್ಗೆ ಇದ್ದದ್ದು ಸಂಜೆಗೆ ಇರುವುದಿಲ್ಲ. ಊಟ ಸೇರುವುದಿಲ್ಲ. ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆ. ಜೊತೆಯವರೆಲ್ಲ ಮುಂದೆ ಹೋಗುತ್ತಿದ್ದಾರೆ ಅನ್ನಿಸುತ್ತದೆ. ಕೊನೆಗೆ ಒಂದು ಮಾತು ಕೇಳಿದಳು. "ನಂಗೆ ಇದು ಆಗದಿದ್ರೆ ನಾನು ಮನೆಗೆ ಬರಬಹುದಾ ಅಮ್ಮ?"

ಸೋದರಿಯರೇ, ಆ ಹೊತ್ತಿಗೆ ನನ್ನ ನಾಲಿಗೆಯ ತುದಿಗೆ ಏನೇನು ಬಂತು ಅಂತ ಹೇಳಿದರೆ ನೀವು ನನ್ನನ್ನು ಕೆಟ್ಟವಳು ಅಂದುಕೊಳ್ಳುತ್ತೀರಿ. ಬೀದಿಗೆಲ್ಲ ಹಂಚಿದ ಹೋಳಿಗೆ ನೆನಪಾಯಿತು. ಹೊನ್ನಾವರದಲ್ಲಿ ಪಿಸುಗುಟ್ಟಿದಾಕೆ ನೆನಪಾದಳು. "ಇಷ್ಟು ಕಷ್ಟಪಟ್ಟು ಸೀಟು ಸಿಕ್ಕಿದೆ, ಇನ್ನೂ ಸ್ವಲ್ಪ ಗಮನ ಕೊಟ್ಟು ಓದು" ಅನ್ನುವ ಮಾತು ಗಂಟಲವರೆಗೆ ಬಂದಿತ್ತು. ಅದು ಬುದ್ಧಿಮಾತು ಅಂತಲೇ ನಾನು ಹೇಳುತ್ತಿದ್ದೆ.

ಹೇಳಲಿಲ್ಲ. ಯಾಕೆಂದರೆ ಅದೇ ಮಾತನ್ನು ಒಮ್ಮೆ ನನಗೆ ಹೇಳಿದ್ದರು. 1995ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನಾನು ಲೆಕ್ಕದಲ್ಲಿ ಫೇಲಾದೆ. ಇದನ್ನು ಈ ಅಂಕಣದಲ್ಲಿ ಮಾತ್ರವಲ್ಲ, ನನ್ನ ಮಕ್ಕಳಿಗೂ ಯಾವತ್ತೂ ಹೇಳಿರಲಿಲ್ಲ. ಫಲಿತಾಂಶ ಬಂದ ದಿನದಿಂದ ಒಂದು ತಿಂಗಳು ನಮ್ಮ ತಂದೆ ನನ್ನ ಜೊತೆ ಮಾತಾಡಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ, ಮಾತಾಡಲಿಲ್ಲ ಅಷ್ಟೆ. ಎರಡನೇ ಸಲ ಕಟ್ಟಿ 41 ಅಂಕ ತೆಗೆದು ಪಾಸಾದೆ. ಅಷ್ಟರಲ್ಲಿ ಓದುವ ಮನಸ್ಸೇ ಹೋಗಿತ್ತು. ಪಿಯುಸಿಗೆ ಸೇರು ಅಂತ ಅವರೂ ಹೇಳಲಿಲ್ಲ, ಸೇರಿಸಿ ಅಂತ ನಾನೂ ಕೇಳಲಿಲ್ಲ.

ಇದನ್ನು ಅವಳಿಗೆ ಅಲ್ಲೇ, ಮರಳಿನ ಮೇಲೆ ಕೂತು ಹೇಳಿದೆ. ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. "ನೀನಾ? ಫೇಲಾ?" ಅಂದಳು. ಆಮೇಲೆ ಇಬ್ಬರಿಗೂ ನಗು. ನಗು ನಿಂತ ಮೇಲೆ ಹೇಳಿದೆ, "ಮನೆ ನಿಂದು. ಪಾಸಾದ್ರೂ ನಿಂದು, ಆಗದಿದ್ರೂ ನಿಂದು. ಬರಬಹುದಾ ಅಂತ ಕೇಳಬೇಡ." ಬೇಯಿಸಿದ ಶೇಂಗಾ ಮಾರುವ ಹುಡುಗ ಬಂದ. ಎರಡು ಪೊಟ್ಟಣ ಕೊಂಡು ಕತ್ತಲಾಗುವವರೆಗೆ ಕೂತಿದ್ದೆವು.

ಯಜಮಾನರಿಗೆ ರಾತ್ರಿ ಅವಳೇ ಹೇಳಿದಳು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ಸುಮ್ಮನಿರುವುದು ಎಂಥದ್ದು ಅಂತ ನನಗೆ ಗೊತ್ತಿದ್ದರಿಂದ ನನ್ನ ಎದೆ ಢವಢವ. ಕೊನೆಗೆ "ಸಾಲ ಕೊಟ್ಟವನು ವಾಪಸ್ ಕೊಡದಿದ್ರೆ ನಾನು ಅಂಗಡಿ ಮುಚ್ತೀನಾ? ಮತ್ತೆ ಬರೆದ್ರಾಯ್ತು. ಮೊದಲು ಊಟ ಮಾಡು" ಅಂದರು. ಹೋಲಿಕೆ ಸರಿಯೋ ತಪ್ಪೋ ನನಗೆ ಗೊತ್ತಾಗಲಿಲ್ಲ. ಮಗಳು ಮಾತ್ರ ಎರಡು ಸಲ ಅನ್ನ ಹಾಕಿಸಿಕೊಂಡಳು.

ಶನಿವಾರ ನನ್ನ ಪಟ್ಟಿಯನ್ನು ನಾನೇ ಹರಿದೆ. ಗೋಕರ್ಣದ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ, ಇನ್ನೊಮ್ಮೆ ಬರುತ್ತೇನೆ ಅಂತ. ಅವಳು ಎದ್ದದ್ದು ಎಂಟಕ್ಕೆ. ಎದ್ದವಳು "ಒಂದೂವರೆ ಗಂಟೆ ಓದ್ತೀನಮ್ಮ, ಓದದೇ ಇದ್ರೆ ಒಳಗೆ ಚುಚ್ಚುತ್ತೆ" ಅಂದಳು. ಓದು ಅಂದೆ. ಅದೂ ನನಗೆ ಗೊತ್ತಾಗದೇ ಇದ್ದದ್ದು. ಪುಸ್ತಕ ಕಿತ್ತುಕೊಂಡರೆ ಮಕ್ಕಳಿಗೆ ಬಿಡುವು ಸಿಗುವುದಿಲ್ಲ, ಒಳಗೇ ಹೆದರಿಕೆ ಕುದಿಯುತ್ತಿರುತ್ತದೆ. ಇಷ್ಟು ಹೊತ್ತು ಅಂತ ಗಡಿಯಾರ ಇಟ್ಟು ಓದಿ ಮುಚ್ಚಿಟ್ಟರೆ ಉಳಿದ ದಿನ ಹಗುರ. ಓದಿ ಮುಗಿಸಿ ಫೋನನ್ನು ನನ್ನ ಕೈಗೆ ಕೊಟ್ಟು ನೀರಿಗೆ ಹೋದಳು. ತಮ್ಮನ ಜೊತೆ ಸೇರಿ ಮರಳಿನಲ್ಲಿ ಒಂದು ಹೃದಯ ಮಾಡಿದಳು. ಪ್ರೇಮಿಗಳು ಬಿಡಿಸುವ ಹೃದಯ ಅಲ್ಲ, ನಾಲ್ಕು ಕೋಣೆ, ದೊಡ್ಡ ರಕ್ತನಾಳ ಎಲ್ಲ ಇರುವ ನಿಜವಾದ ಹೃದಯ! ನೋಡಲು ಬಂದ ಮಕ್ಕಳಿಗೆ ಕೆಟ್ಟ ರಕ್ತ ಎಲ್ಲಿಂದ ಬರುತ್ತದೆ, ಒಳ್ಳೆಯ ರಕ್ತ ಎಲ್ಲಿಂದ ಹೋಗುತ್ತದೆ ಅಂತ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದಳು. ಅಲೆ ಬಂದು ಒಂದು ಕೋಣೆ ಕುಸಿಯಿತು. ಮತ್ತೆ ಕಟ್ಟಿದಳು. ನಾನು ಛತ್ರಿ ಕೆಳಗೆ ಕೂತು ಮುರುಗಲು ಪಾನಕ ಕುಡಿಯುತ್ತಾ ನೋಡುತ್ತಿದ್ದೆ. ಇವಳಿಗೆ ಇದು ಆಗುವುದಿಲ್ಲ ಅಂತ ನನಗೇನೂ ಅನ್ನಿಸಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಮತ್ತೆ ಹೊರೆ ಹೊರಿಸಿದ ಹಾಗಾದೀತು ಅಂತ.

ವಾಪಸ್ ಬರುವಾಗ ಗೇರುಸೊಪ್ಪೆ ಘಟ್ಟದಲ್ಲಿ ಒಂದು ವಿಷಯ ಕೇಳಿದೆ, ಹಾಸ್ಟೆಲಿನಲ್ಲಿ ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳುತ್ತೀ ಅಂತ. ಅವರ ಕಾಲೇಜಿನಲ್ಲಿ ಒಂದಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಅಂತ ಇದ್ದಾರಂತೆ. ಇಷ್ಟು ದಿನ ನಾಚಿಕೆಯಿಂದ ಹೋಗಿರಲಿಲ್ಲ. ಹೋಗುತ್ತೇನೆ ಅಂದಳು, ಹೋಗಿಯೂ ಬಂದಳು. ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು ಇದಕ್ಕೆಲ್ಲ ಮಾತಾಡುವುದಕ್ಕೆ ಸರ್ಕಾರದ್ದೇ ಒಂದು ಫೋನು ಇದೆ, 'ಟೆಲಿ ಮಾನಸ್' ಅಂತ. ನಂಬರು 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಓದುವವರಿಗೆ ಮಾತ್ರವಲ್ಲ, ಎಲ್ಲರಿಗೂ. ನಮಗೂ. ನಂಬರನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ, ಮಗನದೋ ಮಗಳದೋ ಗೆಳೆಯರಿಗೆ ಬೇಕಾಗಬಹುದು.

ಅವಳ ಮರುಪರೀಕ್ಷೆ ಮುಂದಿನ ತಿಂಗಳು. ರಾತ್ರಿ ಒಂಬತ್ತಕ್ಕೆ ಫೋನು ಮಾಡುತ್ತಾಳೆ. "ಎಷ್ಟು ಓದಿದೆ" ಅಂತ ಕೇಳಲು ಈಗಲೂ ನನ್ನ ಬಾಯಿ ತುರಿಸುತ್ತದೆ, ಸುಳ್ಳೇಕೆ ಹೇಳಲಿ. ಏನು ಊಟ ಮಾಡಿದೆ, ಎಷ್ಟು ಹೊತ್ತಿಗೆ ಮಲಗ್ತೀಯಾ ಅಂತ ಕೇಳಿ ಇಡುತ್ತೇನೆ. ನಿನ್ನೆ ಅವಳೇ ಹೇಳಿದಳು, ಫಾರ್ಮಕಾಲಜಿ ಪುಸ್ತಕ ತೆಗೆದರೆ ಹಾಳೆ ಹಾಳೆಯ ನಡುವೆಯೂ ಮರಳಂತೆ, ಕೊಡವಿದಷ್ಟೂ ಬರುತ್ತಿದೆಯಂತೆ. ಹಾಸಿಗೆ ಮೇಲೆ ಕೊಡವಬೇಡ, ವರಾಂಡಕ್ಕೆ ಹೋಗಿ ಕೊಡವು ಅಂದೆ.